ಸೆಕೆಂಡ್ ಹ್ಯಾಂಡ್ ಕೂಪೆಯೋ, ಹಳೇ ಫೋರ್‌ವೀಲ್ ಡ್ರೈವ್ ಎಸ್‌ಯುವಿಯೋ?

ಕೆಲವು ವರ್ಷಗಳ ಹಿಂದೆ ಹಳೆಯ ಎಸ್‌ಯುವಿ ಒಂದನ್ನು ನೋಡಲು ಹೋಗಿದ್ದೆ. ಬಣ್ಣ ಫಳಫಳ. ಸೀಟಿಗೆ ಹೊಸ ಕವರು. ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಬೇರೆ ಹೊಡೆಸಿದ್ದರು. ‘ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ನೋಡು’ ಅಂದೆ. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಉತ್ತರ ಕೊಡಲಿಲ್ಲ. ಮಾಲೀಕರನ್ನು ಒಂದು ಮಾತು ಕೇಳಿ, ರಟ್ಟು ಹಾಸಿಕೊಂಡು ಗಾಡಿಯ ಅಡಿ ಸೇರಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು, ಅಂದರೆ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟನ್ನು, ಗೇಣು ಗೇಣಿಗೆ ತಟ್ಟುತ್ತಾ ಹೋದ. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಬದಲಾಯಿತು. ಡಬ್. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯನ್ನು ಅಲ್ಲೇ ಒತ್ತಿದ. ಕೋಟಿಂಗ್ ಹರಿದು ಮೊನೆ ಒಳಗೆ ಹೋಯಿತು. ಹೊರಗೆಳೆದಾಗ ಕಂದು ಪುಡಿ ಅವನ ಮುಖದ ಮೇಲೆ ಉದುರಿತು. ಮಾಲೀಕರು ಆಕಾಶ ನೋಡುತ್ತಾ ನಿಂತರು.

ಅದೇ ತಿಂಗಳು ಒಂದು ಕೂಪೆಯನ್ನೂ, ಅಂದರೆ ತಗ್ಗಾದ ಎರಡು ಬಾಗಿಲಿನ ಕಾರನ್ನೂ ನೋಡಿದೆ. ಅದರ ಅಡಿಭಾಗ ಒರೆಸಿಟ್ಟ ಹಾಗಿತ್ತು, ಒಂದು ಚುಕ್ಕೆ ತುಕ್ಕಿಲ್ಲ. ಆದರೆ ಎರಡನೇ ಗೇರಿಗೆ ಹಾಕಿದಾಗಲೆಲ್ಲ ‘ಕರ್’ ಅಂತ ಹಲ್ಲು ಕಡಿಯುತ್ತಿತ್ತು. ಓಡೋಮೀಟರ್ ಮಾತ್ರ ತುಂಬಾ ಕಡಿಮೆ ತೋರಿಸುತ್ತಿತ್ತು.

ಈ ಎರಡು ಗಾಡಿ ನನಗೆ ಕಲಿಸಿದ್ದು ಇಷ್ಟು. ಕೂಪೆ ಕೊಳ್ಳುವಾಗ ಅದನ್ನು ಓಡಿಸಿದವನನ್ನು ನೋಡಬೇಕು. ಹಳೇ ಎಸ್‌ಯುವಿ ಕೊಳ್ಳುವಾಗ ಅದು ಓಡಾಡಿದ ನೆಲವನ್ನು ನೋಡಬೇಕು. ಎರಡನ್ನೂ ಒಂದೇ ಕಣ್ಣಿನಲ್ಲಿ ನೋಡಲು ಹೋದರೆ ಮೋಸ ಹೋಗುತ್ತೀರಿ.

ಯಾವುದು ಯಾರಿಗೆ?

ಒಂದೇ ದುಡ್ಡಿಗೆ ಎರಡೂ ಸಿಗುತ್ತವೆ ಅನ್ನುವುದೇ ಈ ಗೊಂದಲಕ್ಕೆ ಕಾರಣ. ಇಲ್ಲದಿದ್ದರೆ ಇವೆರಡನ್ನು ಅಕ್ಕಪಕ್ಕ ಇಟ್ಟು ಯಾರೂ ಯೋಚಿಸುವುದಿಲ್ಲ. ಒಂದು ನೆಲಕ್ಕೆ ಅಂಟಿಕೊಂಡು ಓಡುವ ಎರಡು ಬಾಗಿಲಿನ ಕಾರು. ಇನ್ನೊಂದು ಏಣಿ ಹತ್ತಿದ ಹಾಗೆ ಹತ್ತಿ ಕೂರುವ ಎರಡು ಟನ್ನಿನ ಡಬ್ಬಿ.

ಕಳೆದ ಒಂದು ವರ್ಷದ ದಿನಗಳನ್ನು ಎಣಿಸಿ ನೋಡಿ. ಎಷ್ಟು ದಿನ ನಾಲ್ಕಕ್ಕಿಂತ ಜಾಸ್ತಿ ಜನ ಕೂತಿದ್ದರು? ಎಷ್ಟು ದಿನ ಕೆಸರು, ಮರಳು, ಹಿಮ, ಕಲ್ಲುದಾರಿ ಸಿಕ್ಕಿತು? ಟ್ರೇಲರ್ ಎಳೆದದ್ದು ಎಷ್ಟು ಸಲ? ‘ಮುಂದೆ ಬೇಕಾಗಬಹುದು’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗೆ ಹಿಡಿದೇ ನಾನು ಮೊದಲ ಎಸ್‌ಯುವಿ ಕೊಂಡಿದ್ದು. ಎರಡು ವರ್ಷದಲ್ಲಿ ಲೋ ರೇಂಜ್ (ನಿಧಾನಕ್ಕೆ, ಜಾಸ್ತಿ ಬಲದಿಂದ ಎಳೆಯುವ ಗೇರು) ಹಾಕಿದ್ದು ನಾಲ್ಕೇ ಸಲ. ಅದರಲ್ಲಿ ಎರಡು ಸಲ ಸುಮ್ನೆ ಗೆಳೆಯರಿಗೆ ತೋರಿಸಲು. ಐದನೇ ಸಲ ನಿಜವಾಗಿ ಬೇಕಾದಾಗ ಲಿವರ್ ಅಲುಗಾಡಲಿಲ್ಲ. ಬಳಸದೆ ಬಿಟ್ಟಿದ್ದಕ್ಕೆ ಕೆಳಗಿನ ಲಿಂಕೇಜ್ ತುಕ್ಕು ಹಿಡಿದು ಕೂತಿತ್ತು. ತಿಂಗಳಿಗೊಮ್ಮೆ ಸಡಿಲ ನೆಲದ ಮೇಲೆ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಬೇಕು ಅಂತ ಆಮೇಲೆ ತಿಳಿಯಿತು.

ಮನೆಗೆ ಹೋಗುವ ದಾರಿಯೇ ಕೆಟ್ಟದಾಗಿದ್ದರೆ, ಅಥವಾ ವರ್ಷದಲ್ಲಿ ಎರಡು ಮೂರು ತಿಂಗಳು ಹಿಮದಲ್ಲಿ ಓಡಾಡಬೇಕಾದರೆ ಚರ್ಚೆಯೇ ಬೇಡ, ಎಸ್‌ಯುವಿ ತಗೊಳ್ಳಿ. ಚಿಕ್ಕ ಮಕ್ಕಳಿದ್ದು ಮನೆಗೆ ಒಂದೇ ಗಾಡಿ ಅಂದರೂ ಅಷ್ಟೇ. ಕೂಪೆಯ ಹಿಂದಿನ ಸೀಟು ಅಂದರೆ ಬ್ಯಾಗ್ ಇಡುವ ಜಾಗಕ್ಕೆ ಕಂಪನಿಯವರು ಇಟ್ಟ ಹೆಸರು. ಬಗ್ಗಿಕೊಂಡು ಮಗುವನ್ನು ಹಿಂದಿನ ಸೀಟಿನ ಬೆಲ್ಟಿಗೆ ಸಿಕ್ಕಿಸಿ ಎದ್ದೇಳುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತದೆ.

ಉಳಿದವರಿಗೆ? ಡಾಂಬರು ರಸ್ತೆಯಲ್ಲಿ ಒಬ್ಬರೋ ಇಬ್ಬರೋ ಓಡಾಡುವುದಾದರೆ ನನ್ನ ಮತ ಕೂಪೆಗೆ. ಅದು ಕೊಡುವ ಖುಷಿಗೆ ಕಾಡು ಬೆಟ್ಟ ಹುಡುಕಿಕೊಂಡು ಹೋಗಬೇಕಾಗಿಲ್ಲ, ಕೆಲಸಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲೇ ಸಿಗುತ್ತದೆ.

ಫೋರ್‌ವೀಲ್ ಡ್ರೈವ್ ಏನು ಮಾಡುತ್ತೆ, ಏನು ಮಾಡಲ್ಲ

ಈ ವಿಷಯದಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಜಾರುವ ನೆಲದಲ್ಲಿ ಗಾಡಿ ಹೊರಡುತ್ತದೆ, ಏರು ಹತ್ತುತ್ತದೆ. ಅಷ್ಟೇ. ಬ್ರೇಕ್ ಹಾಕಿದಾಗ ಅದರಿಂದ ಏನೂ ಸಹಾಯವಿಲ್ಲ. ಯಾವ ಕಾರಿಗಾದರೂ ಬ್ರೇಕ್ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ. ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಅನ್ನುವುದನ್ನು ಮುಖ್ಯವಾಗಿ ತೀರ್ಮಾನಿಸುವುದು ಟೈರು. ಸವೆದ ಟೈರಿನ ಫೋರ್‌ವೀಲ್ ಡ್ರೈವ್‌ಗಿಂತ ಒಳ್ಳೆಯ ಟೈರಿನ ಸಾಮಾನ್ಯ ಕಾರು ಹಿಮದಲ್ಲಿ ಬೇಗ ನಿಲ್ಲುತ್ತದೆ.

ಹಳೇ ಗಾಡಿಗಳಲ್ಲಿ ಎರಡು ಬಗೆಯಿದೆ. ಸುಜುಕಿ ಜಿಮ್ನಿಯಂಥ ಪಾರ್ಟ್‌ಟೈಮ್ ಗಾಡಿಯಲ್ಲಿ, ಅಂದರೆ ಬೇಕಾದಾಗ ಮಾತ್ರ ಫೋರ್‌ವೀಲ್ ಹಾಕುವ ಗಾಡಿಯಲ್ಲಿ, ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಇರುವುದಿಲ್ಲ. ಫೋರ್‌ವೀಲ್ ಹಾಕಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರುವುದಕ್ಕೆ ಜಾಗವಿಲ್ಲ. ಗಾಡಿ ತಡೆದು ತಡೆದು ಕುಪ್ಪಳಿಸುತ್ತದೆ, ಗೇರುಗಳ ನಡುವೆ ಬಿಗಿತ ಸೇರಿಕೊಳ್ಳುತ್ತದೆ, ಹಾಗೇ ಓಡಿಸಿದರೆ ಏನಾದರೊಂದು ಮುರಿಯುತ್ತದೆ. ನಾಲ್ಕೂ ಚಕ್ರಕ್ಕೆ ಯಾವಾಗಲೂ ಶಕ್ತಿ ಹೋಗುವ ಫುಲ್‌ಟೈಮ್ ಬಗೆಯಲ್ಲಿ ಸೆಂಟರ್ ಡಿಫರೆನ್ಷಿಯಲ್ ಇರುವುದರಿಂದ ಈ ತಲೆನೋವಿಲ್ಲ. ಟೊಯೊಟಾ ಲ್ಯಾಂಡ್ ಕ್ರೂಸರ್ 80 ಸರಣಿಯ ಬಹಳಷ್ಟು ಗಾಡಿಗಳು ಈ ಬಗೆಯವು. 1991ರ ಎರಡನೇ ತಲೆಮಾರಿನ ಮಿತ್ಸುಬಿಷಿ ಪಜೆರೋದಲ್ಲಿ ಬಂದ ‘ಸೂಪರ್ ಸೆಲೆಕ್ಟ್’ ಎರಡಕ್ಕೂ ನಡುವಿನದು. ಟೂವೀಲ್‌ನಲ್ಲೂ ಓಡಿಸಬಹುದು, ಡಾಂಬರಿನ ಮೇಲೆ ಫೋರ್‌ವೀಲ್‌ನಲ್ಲೂ ಓಡಿಸಬಹುದು.

ಮಾರುವವರನ್ನು ‘ಇದನ್ನು ಯಾವಾಗ ಫೋರ್‌ವೀಲ್‌ಗೆ ಹಾಕುತ್ತಿದ್ದಿರಿ?’ ಅಂತ ಸುಮ್ನೆ ಮಾತಿಗೆ ಕೇಳಿ. ಪಾರ್ಟ್‌ಟೈಮ್ ಗಾಡಿ ಇಟ್ಟುಕೊಂಡು ‘ಮಳೆ ಬಂದರೂ ಬಾರದಿದ್ದರೂ ಯಾವಾಗಲೂ ಅದರಲ್ಲೇ ಇರುತ್ತಿತ್ತು’ ಅಂದರೆ ಅಲ್ಲಿಂದ ಹೊರಡಿ.

ಲೋ ರೇಂಜ್ ಬೇರೆಯೇ ವಿಷಯ. ಹೆಚ್ಚಿನ ಗಾಡಿಗಳಲ್ಲಿ ಅದು ವೇಗವನ್ನು ಎರಡರಿಂದ ಎರಡೂವರೆ ಪಟ್ಟು ತಗ್ಗಿಸಿ, ಎಳೆಯುವ ಬಲವನ್ನು ಅಷ್ಟೇ ಪಟ್ಟು ಹೆಚ್ಚಿಸುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ನಡೆದ ಹಾಗೆ ಇಳಿಯುವ ಸುಖ ಅನುಭವಿಸಿದವರಿಗೇ ಗೊತ್ತು. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಇದು ಇಲ್ಲವೇ ಇಲ್ಲ. ಹಳೆಯದರ ಹಿಂದೆ ಜನ ಬೀಳುವುದಕ್ಕೆ ಇದೂ ಒಂದು ಕಾರಣ.

ಕೂಪೆಯ ಹತ್ತಿರ ನಿಂತಾಗ

ನೀರಿನಲ್ಲಿರುವ ಎಮ್ಮೆಗೆ ದಡದ ಮೇಲೆ ವ್ಯಾಪಾರ ಮಾಡಿದ ಹಾಗೆ ಫೋಟೋ ನೋಡಿ ಮುಂಗಡ ಕಳಿಸಬೇಡಿ. ಬೆಳಗ್ಗೆ ಹೋಗಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಇಂಜಿನ್ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗ ಮಾತ್ರ ಕೇಳಿಸುವ ಕಟಕಟ ಸದ್ದು, ತಣ್ಣಗಿದ್ದಾಗ ಮಾತ್ರ ಕಾಣುವ ನೀಲಿ ಹೊಗೆ ಅಂತ ಇರುತ್ತವೆ. ಕಾಫಿ ಕುಡಿದು ಕಾಯಿರಿ, ಅಥವಾ ಇನ್ನೊಂದು ದಿನ ಬನ್ನಿ.

ಬಾಗಿಲು ತೆರೆದು ಅದರ ತುದಿಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ. ಕೂಪೆಯ ಬಾಗಿಲು ಉದ್ದ, ಭಾರ. ಹಿಂಜ್ ಸವೆದಿದ್ದರೆ ಟಕ್ ಅಂತ ಅಲ್ಲಾಡುತ್ತದೆ. ಡ್ರೈವರ್ ಸೀಟಿನ ಹೊರಗಿನ ಅಂಚು ನೋಡಿ. ಹತ್ತಿ ಇಳಿಯುವಾಗ ತೊಡೆ ಉಜ್ಜುವುದು ಅಲ್ಲೇ. ಓಡೋಮೀಟರ್ 40,000 ಕಿಮೀ ಅನ್ನುತ್ತಿದ್ದು, ಆ ಅಂಚು ಹರಿದು ಸ್ಪಂಜ್ ಕಾಣುತ್ತಿದ್ದರೆ ನಾನು ಸೀಟನ್ನೇ ನಂಬುತ್ತೇನೆ.

ಆಮೇಲೆ ಟೈರು. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 3517 ಅಂದರೆ 2017ರ 35ನೇ ವಾರ ತಯಾರಾದದ್ದು. ನಾಲ್ಕು ಚಕ್ರಕ್ಕೆ ನಾಲ್ಕು ಕಂಪನಿಯ ಅಗ್ಗದ ಟೈರು ಹಾಕಿದವರು ಇಂಜಿನ್ ಆಯಿಲ್ ವಿಷಯದಲ್ಲಿ ಧಾರಾಳವಾಗಿ ಖರ್ಚು ಮಾಡಿರುತ್ತಾರಾ? ಯೋಚಿಸಿ. ಟೈರಿನ ಒಳ ಅಂಚಿಗೂ ಬೆರಳಾಡಿಸಿ. ಹೊರಗಿನಿಂದ ಹೊಸದಾಗಿ ಕಂಡು ಒಳಗೆ ತಂತಿ ಬಂದಿರುವುದನ್ನು ನಾನೇ ಮುಟ್ಟಿ ನೋಡಿದ್ದೇನೆ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ತಗ್ಗಿಸಿ, ಅಲೈನ್‌ಮೆಂಟ್ ಮಾಡಿಸದೆ ಬಿಟ್ಟರೆ ಹೀಗಾಗುತ್ತದೆ.

ಓಡಿಸುವಾಗ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಾ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಒತ್ತಿ. ಇಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಎರಡನೇ ಗೇರಿಗೆ ಬೇಗ ಒಮ್ಮೆ, ನಿಧಾನಕ್ಕೆ ಒಮ್ಮೆ ಹಾಕಿ. ಕರಕರ ಅಂದರೆ ಸಿಂಕ್ರೊ (ಗೇರು ಸದ್ದಿಲ್ಲದೆ ಕೂರಲು ವೇಗ ಹೊಂದಿಸುವ ಉಂಗುರ) ಸವೆದಿದೆ. ಅದನ್ನು ಸರಿಮಾಡಲು ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು. ಬ್ರೇಕ್ ಡಿಸ್ಕ್ ಕಾವಿಗೆ ನೀಲಿ ತಿರುಗಿದ್ದರೆ, ಸೀಟಿನ ಹಿಂದೆ ಬೆಲ್ಟ್ ಕಟ್ಟಲು ಕೊರೆದ ತೂತುಗಳಿದ್ದರೆ, ಈ ಕಾರು ರೇಸ್ ಟ್ರ್ಯಾಕ್ ನೋಡಿ ಬಂದಿದೆ. ಟ್ರ್ಯಾಕಿಗೆ ಹೋಗಿದ್ದೇ ತಪ್ಪಲ್ಲ. ಹೋಗಿಲ್ಲ ಅಂತ ಹೇಳಿದರೆ ತಪ್ಪು.

ಮಾಡೆಲ್‌ಗೊಂದು ಕಾಯಿಲೆಯೂ ಇರುತ್ತದೆ. ಮಝ್ದಾ ಆರ್‌ಎಕ್ಸ್-8ರಲ್ಲಿ (2003–2012) ಇರುವುದು ಪಿಸ್ಟನ್ ಇಲ್ಲದ ರೋಟರಿ ಇಂಜಿನ್. ಅದರ ಕಂಪ್ರೆಷನ್ (ಇಂಜಿನ್ ಒಳಗೆ ಗಾಳಿ ಒತ್ತುವ ಶಕ್ತಿ) ಅಳೆಯುವ ಉಪಕರಣವೇ ಬೇರೆ. ಆ ಪರೀಕ್ಷೆಯ ಚೀಟಿ ಕೈಗೆ ಬರದೆ ಮಾತುಕತೆಗೆ ಕೂರಬೇಡಿ. ಅದು ಸ್ವಲ್ಪ ಆಯಿಲ್ ಸುಡುವುದು ರೋಗವಲ್ಲ, ಅದನ್ನು ಮಾಡಿರುವುದೇ ಹಾಗೆ. 1990ರ ದಶಕದ ಕೊನೆಯಿಂದ ಬಂದ ಪೋರ್ಶೆ 911 (996) ಮತ್ತು ಬಾಕ್ಸ್‌ಸ್ಟರ್‌ಗಳಲ್ಲಿ ಇಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಒಡೆದರೆ ಇಡೀ ಇಂಜಿನ್ ಹೋದ ಹಾಗೆ. ಅದನ್ನು ಬದಲಿಸಿದ ಬಿಲ್ ಕೇಳಿ. ಬಿಎಂಡಬ್ಲ್ಯು ಇ46ರಲ್ಲಿ ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ಜಾಗದ ತಗಡು ಬಿರುಕು ಬಿಡುತ್ತದೆ, ಅದಕ್ಕೆ ಗಾಡಿ ಎತ್ತಿಸಿಯೇ ನೋಡಬೇಕು. 2012ರಲ್ಲಿ ಬಂದ ಟೊಯೊಟಾ 86 ಮತ್ತು ಅದರ ಜೋಡಿ ಸುಬಾರು ಬಿಆರ್‌ಝಡ್ ನನ್ನ ಮೆಚ್ಚಿನವು. ಸುಮಾರು 1,250 ಕೆಜಿ, 200 ಅಶ್ವಶಕ್ತಿ, ಹಿಂದಿನ ಚಕ್ರಕ್ಕೆ ಶಕ್ತಿ. ಟರ್ಬೊ ಗಿರ್ಬೊ ಏನೂ ಇಲ್ಲ. ಆದರೆ ಮೊದಮೊದಲ ಗಾಡಿಗಳನ್ನು ವಾಲ್ವ್ ಸ್ಪ್ರಿಂಗ್ ಬದಲಿಸಲು 2018ರಲ್ಲಿ ಹಿಂದಕ್ಕೆ ಕರೆಸಿದ್ದರು. ಅದಕ್ಕೆ ಇಂಜಿನ್ ಇಳಿಸಿ ಬಿಚ್ಚಬೇಕಾಗುತ್ತದೆ. ಆ ಕೆಲಸ ಆಗಿದೆಯೋ ಇಲ್ಲವೋ, ಆಗಿದ್ದರೆ ಆಮೇಲೆ ಎಷ್ಟು ಕಿಲೋಮೀಟರ್ ತೊಂದರೆಯಿಲ್ಲದೆ ಓಡಿದೆ ಅಂತ ವಿಚಾರಿಸಿ.

ಎಸ್‌ಯುವಿಯ ಅಡಿ ಸೇರಿದಾಗ

ಹಳೇ ಬಟ್ಟೆ ಹಾಕಿಕೊಂಡು ಹೋಗಿ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಲ್ಯಾಂಡ್ ಕ್ರೂಸರ್, ನಿಸ್ಸಾನ್ ಪ್ಯಾಟ್ರೋಲ್, ಜಿಮ್ನಿಯಂಥ ಗಾಡಿಗಳಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಬಾಡಿಗೆ ಬಣ್ಣ ಹೊಡೆದು ಮದುಮಗನ ಹಾಗೆ ನಿಲ್ಲಿಸಬಹುದು. ಚಾಸಿ ಕೊಳೆತಿದ್ದರೆ ಗಾಡಿ ಮುಗಿದ ಹಾಗೆ. 2001ರವರೆಗೆ ಬಂದ ಜೀಪ್ ಚೆರೋಕಿ ಎಕ್ಸ್‌ಜೆಯಲ್ಲಿ ಹಾಗೆ ಬೇರೆ ಚಾಸಿಯೇ ಇಲ್ಲ. ಅದರ 4 ಲೀಟರಿನ ಆರು ಸಿಲಿಂಡರ್ ಇಂಜಿನ್ ಗಟ್ಟಿಮುಟ್ಟು ಅಂತ ಹೆಸರುವಾಸಿ. ಆದರೆ ನೆಲದ ತಗಡೇ ಅದರ ಬೆನ್ನೆಲುಬು, ಕಾರ್ಪೆಟ್ ಎತ್ತಿ ನೋಡದೆ ಕೊಳ್ಳಬಾರದು.

ತುಕ್ಕು ಹುಟ್ಟುವುದು ಕೆಸರು ನಿಲ್ಲುವ ಕಡೆ. ಸಸ್ಪೆನ್ಷನ್ ಬ್ರಾಕೆಟ್‌ಗಳ ಮೇಲ್ಭಾಗ, ಹಿಂದಿನ ಆಕ್ಸಲ್ ಮೇಲೆ ಚಾಸಿ ಬಾಗುವ ಜಾಗ, ಬಂಪರಿನ ಹಿಂದಿನ ಅಡ್ಡಪಟ್ಟಿ. ಹಿಮಕ್ಕೆ ಉಪ್ಪು ಸುರಿಯುವ ರಸ್ತೆಯಲ್ಲೋ ಸಮುದ್ರದ ಮರಳಿನಲ್ಲೋ ಓಡಿದ ಗಾಡಿಯಾದರೆ ಎರಡು ಸಲ ನೋಡಿ. ಹೊಸ ಕಪ್ಪು ಕೋಟಿಂಗ್ ಕಂಡರೆ ಮೂರು ಸಲ.

ನೀರಿನಲ್ಲಿ ಮುಳುಗಿಸಿ ಓಡಿಸಿದ್ದಾರಾ ಅಂತ ತಿಳಿಯಲು ಆಕ್ಸಲ್ ನಡುವಿನ ಡಿಫರೆನ್ಷಿಯಲ್‌ನ (ಗೇರುಗಳ ಗುಂಡನೆಯ ಪೆಟ್ಟಿಗೆ) ಆಯಿಲ್ ತುಂಬುವ ಬೋಲ್ಟ್ ಬಿಚ್ಚಿಸಿ, ಕಿರುಬೆರಳು ಹಾಕಿ ತೆಗೆಯಿರಿ. ಜೇನಿನ ಬಣ್ಣವಿದ್ದರೆ ಸರಿ, ಕಪ್ಪಿದ್ದರೂ ಪರವಾಗಿಲ್ಲ, ಬದಲಿಸದೆ ಬಿಟ್ಟಿದ್ದಾರೆ ಅಷ್ಟೇ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ. ಬೇರಿಂಗುಗಳ ಗತಿ ದೇವರೇ ಬಲ್ಲ.

ಲ್ಯಾಂಡ್ ಕ್ರೂಸರ್ 80ರಲ್ಲಿ ಮುಂದಿನ ಚಕ್ರಗಳ ಒಳಬದಿಗೆ ಟಾರ್ಚ್ ಬಿಡಿ. ಆಕ್ಸಲ್ ತುದಿಯ ದುಂಡನೆಯ ಗಂಟಿನ ಸುತ್ತ ಗ್ರೀಸ್ ಮತ್ತು ಆಯಿಲ್ ಸೇರಿ ಕಪ್ಪು ರಾಡಿ ಇಳಿಯುತ್ತಿದ್ದರೆ ಸೀಲ್ ಹೋಗಿದೆ. ಭಯ ಬೇಡ, ಚೌಕಾಸಿಗೆ ಒಳ್ಳೆಯ ಕಾರಣ ಸಿಕ್ಕಿತು ಅಂದುಕೊಳ್ಳಿ. 1998ರಲ್ಲಿ ಬಂದ 100 ಸರಣಿಯ 4.7 ಲೀಟರ್ ಪೆಟ್ರೋಲ್ ವಿ8 ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದರು ಅಂತ ಕೇಳಿ. ಸುಮಾರು 1.5 ಲಕ್ಷ ಕಿಮೀಗೆ ಒಮ್ಮೆ ಬದಲಿಸಲೇಬೇಕು. ಜೊತೆಗೆ ವಾಟರ್ ಪಂಪ್ ಕೂಡ ಹಾಕಿಸಿದ್ದರೆ ಆ ಮಾಲೀಕರು ತಿಳಿದವರು.

ಓಡಿಸುವಾಗ ಗಂಟೆಗೆ 70–80 ಕಿಮೀ ವೇಗದಲ್ಲಿ ಒಂದು ಸಣ್ಣ ಗುಂಡಿ ದಾಟಿ. ಮುಂದೆ ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ಬುಷ್, ಜಾಯಿಂಟ್ ಸಡಿಲವಾಗಿದ್ದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ, ವೇಗ ಇಳಿಸುವವರೆಗೆ ನಿಲ್ಲುವುದಿಲ್ಲ. ಒಮ್ಮೆ ಅನುಭವಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಗೇರನ್ನು ಮುಂದಕ್ಕೂ ರಿವರ್ಸಿಗೂ ಹಾಕಿದಾಗ ಕೆಳಗೆ ‘ಠಕ್’ ಅಂದರೆ ಪ್ರೊಪೆಲ್ಲರ್ ಶಾಫ್ಟಿನ (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ) ಜಾಯಿಂಟ್ ನೋಡಿಸಿ.

ಎತ್ತರಿಸಿ ದೊಡ್ಡ ಟೈರ್ ಹಾಕಿದ ಗಾಡಿ ಕಣ್ಣಿಗೆ ಚೆಂದ. ಆದರೆ ಶಾಫ್ಟಿನ ಕೋನ ಹೆಚ್ಚಾಗಿ ಜಾಯಿಂಟ್ ಬೇಗ ಸವೆಯುತ್ತದೆ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಓಡೋಮೀಟರ್ ಕೂಡ ಕಡಿಮೆ ಲೆಕ್ಕ ಹಾಕುತ್ತದೆ. ಕೂಪೆಯಾಗಲಿ ಎಸ್‌ಯುವಿಯಾಗಲಿ, ಯಾರೂ ಕೈಯಾಡಿಸದ ಗಾಡಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ಹಿಡಿಯಿರಿ.

ಖರ್ಚು, ಮತ್ತೆ ಸುರಕ್ಷತೆ

ಇಂಧನದ ಲೆಕ್ಕ ಸುಲಭ. 86ರಂಥ ಕೂಪೆ ಲೀಟರಿಗೆ 12 ಕಿಮೀ ಆಸುಪಾಸು ಕೊಡುತ್ತದೆ. ಪೆಟ್ರೋಲ್ ಲ್ಯಾಂಡ್ ಕ್ರೂಸರ್ 80 ಆರು ಕೊಟ್ಟರೆ ಹೆಚ್ಚು. ವರ್ಷಕ್ಕೆ 10,000 ಕಿಮೀ ಓಡಿಸಿದರೆ ಒಂದಕ್ಕೆ ಸುಮಾರು 830 ಲೀಟರ್, ಇನ್ನೊಂದಕ್ಕೆ 1,670 ಲೀಟರ್. ಆನೆ ಸಾಕಿದ ಹಾಗೆ. ಕೂಪೆಯಲ್ಲಿ ಉಳಿದ ದುಡ್ಡು ವಿಮೆಗೆ ಹೋಗುವ ಸಾಧ್ಯತೆ ಉಂಟು, ಅದರಲ್ಲೂ ಓಡಿಸುವವರು ಚಿಕ್ಕ ವಯಸ್ಸಿನವರಾದರೆ. ಗಾಡಿ ಒಪ್ಪುವ ಮೊದಲೇ ವಿಮೆ ಎಷ್ಟಾಗುತ್ತದೆ ಕೇಳಿಟ್ಟುಕೊಳ್ಳಿ.

ಬಿಡಿಭಾಗದಲ್ಲಿ ಎಸ್‌ಯುವಿ ಗೆಲ್ಲುತ್ತದೆ. ಹೆಸರಾಂತ ಎಸ್‌ಯುವಿಗಳು ಎಷ್ಟೋ ವರ್ಷ, ಎಷ್ಟೋ ದೇಶಗಳಲ್ಲಿ ಮಾರಾಟವಾಗಿವೆ. ಸೀಲ್, ಬೇರಿಂಗ್, ಬುಷ್ ಹುಡುಕುವುದು ಕಷ್ಟವಲ್ಲ. ಕಡಿಮೆ ಸಂಖ್ಯೆಯಲ್ಲಿ ತಯಾರಾದ ಕೂಪೆಯ ಇಂಜಿನ್ ಭಾಗ ಹೇಗೋ ಸಿಕ್ಕೀತು, ಹೆಡ್‌ಲೈಟು, ಬಂಪರು, ಬಾಗಿಲಿನ ರಬ್ಬರಿಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಯಾವುದೇ ಕೊಂಡರೂ ಕೊಂಡ ಬೆಲೆಯ ಕಾಲು ಭಾಗವನ್ನು ಮೊದಲ ವರ್ಷದ ರಿಪೇರಿಗೆ ಅಂತ ಬೇರೆ ಎತ್ತಿಡಿ.

ದೊಡ್ಡ ಗಾಡಿ ಅಂದರೆ ಸುರಕ್ಷಿತ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಹಳೇ ಎಸ್‌ಯುವಿ ಎತ್ತರ, ಗುರುತ್ವ ಕೇಂದ್ರ ಮೇಲಿರುತ್ತದೆ, ತಟ್ಟನೆ ಸ್ಟೀರಿಂಗ್ ತಿರುಗಿಸಿದರೆ ಮಗುಚುವ ಅಪಾಯ ಕಾರಿಗಿಂತ ಜಾಸ್ತಿ. ಅದನ್ನು ತಡೆಯಲು ನೆರವಾಗುವ, ಗಾಡಿ ಜಾರಿದಾಗ ತಾನೇ ಬ್ರೇಕ್ ಹಾಕುವ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ, ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. 1990ರ ದಶಕದ ಎಸ್‌ಯುವಿಯಲ್ಲಿ ಅದು ಇರುವುದು ಅಪರೂಪ. ಇನ್ನೊಂದು, 2000ದ ದಶಕದ ಕಾರುಗಳಲ್ಲಿ ಟಕಾಟಾ ಕಂಪನಿಯ ಏರ್‌ಬ್ಯಾಗ್ ಇರಬಹುದು. ಅದನ್ನು ಉಬ್ಬಿಸುವ ಇನ್‌ಫ್ಲೇಟರ್ ಒಡೆದು ಲೋಹದ ಚೂರು ಚಾಲಕರಿಗೆ ಬಡಿದ ಘಟನೆಗಳಿಂದ ವಾಹನಗಳ ಇತಿಹಾಸದಲ್ಲೇ ಅತಿ ದೊಡ್ಡ ರೀಕಾಲ್ ನಡೆಯಿತು. ಚಾಸಿ ನಂಬರ್ ಹಾಕಿ, ಬದಲಿಸಿದ್ದಾರಾ ಅಂತ ನೋಡಿ. ಕೂಪೆಗೂ ಎಸ್‌ಯುವಿಗೂ ಈ ಮಾತು ಅನ್ವಯಿಸುತ್ತದೆ.

ಕೊಂಡ ಮೊದಲ ವಾರ

ಮಾರಿದವರು ‘ಈಗಷ್ಟೇ ಸರ್ವಿಸ್ ಆಗಿದೆ’ ಅನ್ನುತ್ತಾರೆ. ಆಗಲಿ, ನೀವು ಮತ್ತೆ ಎಲ್ಲ ಆಯಿಲ್ ಬದಲಿಸಿ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕೂಪೆಯಲ್ಲಿ ಇಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಅಂತ ಮೂರು. ಎಸ್‌ಯುವಿಯಲ್ಲಿ ಐದು, ಟ್ರಾನ್ಸ್‌ಫರ್ ಕೇಸ್ (ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಪೆಟ್ಟಿಗೆ) ಮತ್ತು ಮುಂದಿನ ಡಿಫರೆನ್ಷಿಯಲ್ ಜಾಸ್ತಿ. ಹಳೇ ಆಯಿಲನ್ನು ಚೆಲ್ಲಿಬಿಡಬೇಡಿ. ಒಂದೊಂದನ್ನೂ ಸ್ವಲ್ಪ ಸ್ವಲ್ಪ ಗಾಜಿನ ಬಾಟಲಿಗೆ ಹಾಕಿ, ಮೇಲೆ ಹೆಸರು ಬರೆದು, ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಗ್ಗೆ ಬಿಸಿಲಿಗೆ ಹಿಡಿದು ನೋಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಂತಿರುತ್ತದೆ. ಬೂದಿಯಂಥ ನುಣ್ಣನೆಯ ಕೆಸರು ವಯಸ್ಸಿನ ಸವೆತ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಿತ್ತಾಳೆ ಬಣ್ಣದ ಮಿಣುಕು ಕಂಡರೆ ಗೇರ್‌ಬಾಕ್ಸಿನ ಸಿಂಕ್ರೊ ಕರಗುತ್ತಿದೆ. ಉಗುರಿಗೆ ಸಿಗುವಂಥ ಉಕ್ಕಿನ ಚೂರು ಸಿಕ್ಕರೆ, ಎತ್ತಿಟ್ಟ ಆ ಕಾಲು ಭಾಗ ಎಲ್ಲಿಗೆ ಹೋಗಲಿದೆ ಅಂತ ಗೊತ್ತಾಯಿತು.